ಕೂಸು ಯಾರ ಕೈಯಲ್ಲಿದೆ?

(ಪಾಲಿಬೆಟ್ಟದಲ್ಲಿ ನೆರೆದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ನಮ್ಮ ಪಾಲಿಬೆಟ್ಟದ ಸುತ್ತಣ ತೋಟಗಳಲ್ಲಿ ಕಾಫಿ ಕೊಯ್ಲು ಆರಂಭವಾಯಿತೆಂದರೆ ಗಂಡಹೆಂಡಿರಿಬ್ಬರೂ ಬೆಳಗಾಗುತ್ತಲೇ ಮನೆ ಬಿಡುವರು. ಹೆಚ್ಚು ಹಣ್ಣು ಬಿಡಿಸಿದಷ್ಟೂ ಹೆಚ್ಚು ಸಂಪಾದನೆಯಾಗುವ ಕಾಲವದು. ಆ ದಿನಗಳಲ್ಲಿ ಲೈನ್ ಮನೆಯಲ್ಲಿ ಉಳಿದ ಕೂಸನ್ನು ನೋಡಿಕೊಳ್ಳುವವರು ಯಾರು? ಇಂದು ಈ ಒಂದು ಪ್ರಶ್ನೆಯನ್ನೇ ನಿಮ್ಮ ಮುಂದಿಡಲು ಬಂದಿದ್ದೇನೆ.

ತೋಟದ ಶಿಶುವಿಹಾರದ ಮೇಲೆ ಕಾನೂನಿನ ಕಣ್ಣುಂಟು. 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಅವರ ಮಕ್ಕಳಿಗಾಗಿ ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯು ವಿಧಿಸಿತು. ಅಲ್ಲಿ ಗಾಳಿ ಬೆಳಕು ಇರಬೇಕು, ಶುಚಿ ಇರಬೇಕು, ಶಿಶುಪಾಲನೆಯಲ್ಲಿ ತರಬೇತಿ ಹೊಂದಿದ ಸ್ತ್ರೀಯೊಬ್ಬಳ ವಶದಲ್ಲಿ ಅದು ಇರಬೇಕು ಎಂದಿತು. ತೋಟದೊಳಕ್ಕೆ ಬಂದು ಪರಿಶೀಲಿಸುವ ಅಧಿಕಾರವನ್ನು ಇನ್‌ಸ್ಪೆಕ್ಟರಿಗೆ ಕೊಟ್ಟಿತು. ಆ ಕಾಯಿದೆಯ ಜಾಗಕ್ಕೆ ಈಗ 2020ರ ಸಂಹಿತೆ ಬಂದಿದೆ. ಶಿಶುವಿಹಾರದ ಮಾತು ಅದರಲ್ಲಿಯೂ ಉಂಟು.

ಆದರೆ ಮನೆಯೊಳಗೆ ಮಗುವನ್ನು ಆಡಿಸುವ ಆಯಾಳನ್ನು ಪರೀಕ್ಷಿಸಲು ಯಾವ ಅಧಿಕಾರಿಯೂ ತಾನಾಗಿ ಹೊಸ್ತಿಲು ದಾಟಿ ಬರುವುದಿಲ್ಲ. ಇಂಗ್ಲೆಂಡಿನಂತಹ ದೇಶದಲ್ಲಿಯೂ, ಮಗುವಿನ ಮನೆಗೇ ಹೋಗಿ ದುಡಿಯುವ ಆಯಾ ಇಷ್ಟವಿದ್ದರೆ ಮಾತ್ರ ಸರ್ಕಾರದ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳುವಳು. ಹಾಗೆ ನೋಂದಾಯಿಸಿದವರಲ್ಲಿಯೂ ಕೆಲವರನ್ನಷ್ಟೇ ಅಧಿಕಾರಿಗಳು ತಪಾಸಣೆ ಮಾಡುವರು. ಆದಕಾರಣ ನಿಮ್ಮ ಮನೆಗೆ ನೀವೇ ಇನ್‌ಸ್ಪೆಕ್ಟರು. ತಾಯಿಯೊಬ್ಬಳೇ ಅಲ್ಲ, ತಂದೆಯೂ ಹೌದು.

ಕಳೆದ ಕೊಯ್ಲಿನ ಕಾಲದಲ್ಲಿ ಸುಮಾರು ಹತ್ತು ವರ್ಷದ ಹುಡುಗಿಯೊಬ್ಬಳು ಎಂಟು ತಿಂಗಳ ತಮ್ಮನನ್ನು ಸೊಂಟದಲ್ಲಿ ಹೊತ್ತು ನಮ್ಮ ಆಸ್ಪತ್ರೆಗೆ ನಡೆದು ಬಂದಳು. ಕೂಸಿಗೆ ಹಿಂದಿನ ರಾತ್ರಿಯಿಂದ ಭೇದಿ. ಕಣ್ಣು ಗುಳಿಬಿದ್ದಿತ್ತು, ಬಾಯಿ ಒಣಗಿತ್ತು. “ಇಷ್ಟು ಹೊತ್ತು ಏನು ಮಾಡುತ್ತಿದ್ದೆ?” ಎಂದು ನಾನು ಆಕೆಯನ್ನು ಗದರಿದೆ. ಭೇದಿ ನಿಲ್ಲಲೆಂದು ನೀರು ಕೊಡದೆ ಇಟ್ಟಿದ್ದೆನೆಂದು ಆಕೆ ಅಳುತ್ತ ಹೇಳಿದಳು. ಯಾರೋ ಹಿರಿಯರು ಹಾಗೆ ಹೇಳಿದ್ದರಂತೆ. ಗದರಬೇಕಾದದ್ದು ಆಕೆಯನ್ನಲ್ಲವೆಂದು ನನಗೆ ಹೊಳೆದದ್ದು ಆಮೇಲೆ. ಕೂಸು ಉಳಿಯಿತು. ಆ ಹುಡುಗಿ ಎರಡು ತಿಂಗಳಿಂದ ಶಾಲೆಗೆ ಹೋಗಿರಲಿಲ್ಲ.

ಭೇದಿಯಾದ ಕೂಸಿಗೆ ನೀರು ನಿಲ್ಲಿಸಬಾರದು, ಎದೆಹಾಲನ್ನೂ ನಿಲ್ಲಿಸಬಾರದು. ಓಆರ್‌ಎಸ್ ಪೊಟ್ಟಣವೊಂದನ್ನು ಪೂರ್ತಿಯಾಗಿ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಹಾಕಿ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸತಕ್ಕದ್ದು. ಮಿಕ್ಕದ್ದನ್ನು ಮರುದಿನಕ್ಕೆ ಇಡಬಾರದು. ಜೊತೆಗೆ ಸತುವಿನ ಮಾತ್ರೆಯನ್ನು 14 ದಿನ ಕೊಡಬೇಕು. ಭೇದಿ ನಿಂತಿತೆಂದು ನಡುವೆ ಬಿಡಬಾರದು. ಇವೆರಡೂ ಆಶಾ ಕಾರ್ಯಕರ್ತೆಯ ಬಳಿ ದೊರೆಯುವುವು. ಮಗುವನ್ನು ನೋಡಿಕೊಳ್ಳುವವರಿಗೆ ಇದು ಗೊತ್ತಿರಬೇಕು. ತೋಟದಲ್ಲಿರುವ ನಿಮಗೆ ಗೊತ್ತಿದ್ದರೆ ಸಾಲದು.

ಇನ್ನು ಮುದುಕಿಯ ಕೈಯಲ್ಲಿ ಬಿಡುವವರ ಮಾತು. ಅಜ್ಜಿಯ ಪ್ರೀತಿಗೆ ಸಮನಾದುದಿಲ್ಲ, ಒಪ್ಪಿದೆ. ಆದರೆ ಆಕೆಗೆ ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಕೆಮ್ಮು ಇದ್ದರೆ ಮೊದಲು ಕಫ ಪರೀಕ್ಷೆ ಮಾಡಿಸಿರಿ. ಕ್ಷಯರೋಗಿಯ ಮಡಿಲಲ್ಲಿ ದಿನವಿಡೀ ಇರುವ ಶಿಶುವಿಗೆ ರೋಗ ಬೇಗ ತಗಲುವುದು, ಮಿದುಳಿಗೂ ಏರಬಹುದು. ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆ ಅಂತಹ ಉಗ್ರ ರೋಗವನ್ನು ಬಹುಮಟ್ಟಿಗೆ ತಡೆಯುವುದಾದರೂ, ಅದೊಂದನ್ನೇ ನಂಬಿ ಕೂರಲಾಗದು. ಪರೀಕ್ಷೆಗೂ ಔಷಧಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಕಾಸು ಕೊಡಬೇಕಿಲ್ಲ. ಆನೆ ಬಂದಿದೆಯೆಂಬ ಸುದ್ದಿ ಕೇಳಿದೊಡನೆ ಕದ ಹಾಕಿಕೊಳ್ಳುವ ನಾವು ಕೆಮ್ಮಿನ ವಿಷಯದಲ್ಲಿ ಮಾತ್ರ ಉದಾಸೀನರು.

ಅಳುವ ಕೂಸಿಗೆ ಆಕೆ ಏನು ಕೊಡುವಳೆಂಬುದನ್ನೂ ಕೇಳಿ ತಿಳಿಯಿರಿ. ಶೀತಕ್ಕೆಂದು, ನಿದ್ದೆ ಬರಲೆಂದು ಬ್ರಾಂದಿಯ ತೊಟ್ಟು ನೆಕ್ಕಿಸುವವರುಂಟು. ಅದು ಔಷಧವಲ್ಲ, ವಿಷ. ಒಲೆ, ನೀರಿನ ಡ್ರಮ್ಮು, ಮೂಲೆಯಲ್ಲಿಟ್ಟ ಕೀಟನಾಶಕದ ಬಾಟಲಿ, ನೆಲದ ಮೇಲೆ ಬಿದ್ದ ಅಡಕೆಯ ಚೂರು ಇವನ್ನು ಮನೆ ಬಿಡುವ ಮುನ್ನ ನೀವೇ ಒಮ್ಮೆ ನೋಡಿ ಹೋಗಿರಿ. ಆರು ತಿಂಗಳು ತುಂಬದ ಕೂಸಿಗೆ ಎದೆಹಾಲೊಂದೇ ಆಹಾರ; ಆದ್ದರಿಂದ ಅದನ್ನು ಹೊತ್ತು ತರಬಲ್ಲವರು ಬೇಕು, ಹಾಲೂಡಿಸಲು ತಾಯಿಗೆ ಬಿಡುವೂ ಬೇಕು. ಈ ಬಿಡುವನ್ನು ಮೇಸ್ತ್ರಿಯ ಬಳಿ ಕೇಳಲು ಗಂಡಸರು ಸಂಕೋಚಪಡಬಾರದು.

ಪಟ್ಟಣದ ಮನೆಯೊಂದರಲ್ಲಿ ಮಗು ಆಡಿಸಲು ನಿಮ್ಮ ಮಗಳನ್ನು ಕಳುಹಿಸಿರೆಂದು ಕೇಳಿಕೊಂಡು ಬರುವವರೂ ಉಂಟು. ಊಟ ಬಟ್ಟೆ ಸಿಗುವುದೆಂಬ ಆಸೆ ತೋರಿಸುವರು. 14 ವರ್ಷಕ್ಕೆ ಒಳಗಿನವರನ್ನು ಮನೆಗೆಲಸಕ್ಕಿಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧ. 2016ರಲ್ಲಿ ಕಾನೂನು ಇನ್ನೂ ಬಿಗಿಯಾಗಿದೆ. ಇಟ್ಟುಕೊಂಡವರಿಗೆ ಸೆರೆವಾಸವಾಗಬಹುದು. ದೂರು ಬಂದರೆ ಅಧಿಕಾರಿಗಳು ಅಂತಹ ಮನೆಯ ಬಾಗಿಲನ್ನೂ ತಟ್ಟುವರು. ಕರೆಯಬೇಕಾದ ಸಂಖ್ಯೆ 1098, ಹಣ ತಗಲದು.

“ದೊಡ್ಡವಳು ನೋಡಿಕೊಳ್ಳದಿದ್ದರೆ ಮತ್ತಾರು?” ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ನೆರೆಯ ನಾಲ್ಕಾರು ಮನೆಯವರು ಕೂಡಿ ಆರೋಗ್ಯವಂತಳಾದ ಒಬ್ಬ ಹೆಂಗಸಿಗೆ ಕೂಲಿ ಕೊಟ್ಟು ಕೂಸುಗಳನ್ನು ಒಪ್ಪಿಸಬಹುದು. ಪುಕ್ಕಟೆಯಾಗಿ ನೋಡಲಿ ಎನ್ನಬೇಡಿ. ಮೂರು ತುಂಬಿದ ಮಕ್ಕಳಿಗೆ ಅಂಗನವಾಡಿಯುಂಟು. ಇದಕ್ಕೂ ಮೊದಲಿನ ಉಪಾಯ ನಿಮ್ಮಿಬ್ಬರ ಕೈಯಲ್ಲಿದೆ: ಎರಡು ಹೆರಿಗೆಗಳ ನಡುವೆ ಮೂರು ವರ್ಷದ ಅಂತರ. ಒಂದು ಕೂಸು ಅಕ್ಕನ ಸೊಂಟದಿಂದ ಇಳಿಯುವ ಮೊದಲೇ ಇನ್ನೊಂದು ಏರಿದರೆ ಆ ಅಕ್ಕ ಶಾಲೆ ಕಾಣುವುದೆಂದು? ಕಾಪರ್-ಟಿ ಆಗಲಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಾಗಲಿ ಉಚಿತ. ಯಾವುದು ಹೊಂದುವುದೆಂದು ಇಬ್ಬರೂ ಕೂಡಿ ಬಂದು ಕೇಳಿರಿ.

ಮುಂದಿನ ಲಸಿಕೆಯ ದಿನ ಕೂಸಿನ ಜೊತೆಯಲ್ಲಿ, ಅದನ್ನು ಹಗಲೆಲ್ಲ ನೋಡಿಕೊಳ್ಳುವವರನ್ನೂ ಕರೆದುಕೊಂಡು ಬನ್ನಿ. ಓಆರ್‌ಎಸ್ ಕಲಸುವುದನ್ನು ಅವರ ಕೈಯಿಂದಲೇ ಮಾಡಿಸಿ ತೋರಿಸುತ್ತೇವೆ.