ಬ್ಯಾಕಪ್ಪಾ, ಕ್ಲೋನಾ? ಸಾಫ್ಟ್‌ವೇರ್ ಡೌನ್‌ಲೋಡ್ ಮಾಡೋ ಮುಂಚೆ ಇದನ್ನ ಕೇಳಿ

ಫೋನಲ್ಲಿ ತೆಗೆದ ಫೋಟೊ ತಾನಾಗೇ ಕ್ಲೌಡ್‌ಗೆ ಹೋಗಿಬಿಡುತ್ತೆ. ಹಾಗಾಗಿ ಬ್ಯಾಕಪ್ ಬಗ್ಗೆ ನಾವು ತಲೆ ಕೆಡಿಸಿಕೊಳ್ಳೋದು ಕಡಿಮೆ. ಆದರೆ ಮನೆಯಲ್ಲಿರೋ ಹಳೇ ಲ್ಯಾಪ್‌ಟಾಪ್ ಕತೆ ಬೇರೆ. ಅಪ್ಪನ ಲೆಕ್ಕಪತ್ರ, ಅಕ್ಕನ ಮದುವೆ ವಿಡಿಯೊ, ನಿಮ್ಮ ಪ್ರಾಜೆಕ್ಟ್ ರಿಪೋರ್ಟ್ ಎಲ್ಲವೂ ಒಂದೇ ಡ್ರೈವ್‌ನಲ್ಲಿ ಇರುತ್ತೆ. ಅದು ಕೈಕೊಟ್ಟರೆ ಎಲ್ಲವೂ ಹೋಯ್ತು. ಇದಕ್ಕೆ ಯಾವ ಸಾಫ್ಟ್‌ವೇರ್ ಬಳಸಬೇಕು ಅನ್ನೋದೇ ಇವತ್ತಿನ ವಿಷಯ.

ಮೊದಲು ಒಂದು ಗೊಂದಲ ಬಿಡಿಸೋಣ. ಕ್ಲೋನ್ ಬೇರೆ, ಬ್ಯಾಕಪ್ ಬೇರೆ. ಕ್ಲೋನ್ ಅಂದರೆ ಒಂದು ಡ್ರೈವ್‌ನಲ್ಲಿರೋದನ್ನ ವಿಂಡೋಸ್ ಸಮೇತ ಇನ್ನೊಂದು ಡ್ರೈವ್‌ಗೆ ಇದ್ದ ಹಾಗೇ ಇಳಿಸೋದು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸುವಾಗ ಇದು ಬೇಕು. ಒಂದು ಸಲದ ಕೆಲಸ. ಬ್ಯಾಕಪ್ ಹಾಗಲ್ಲ, ಅದು ನಿತ್ಯದ ಕೆಲಸ. ನಿನ್ನೆಯದು, ಹೋದ ವಾರದ್ದು, ಹೋದ ತಿಂಗಳದ್ದು ಅಂತ ಹಳೇ ಪ್ರತಿಗಳು ಉಳಿದಿರುತ್ತವೆ. ಫೈಲ್ ಕೆಟ್ಟಿದ್ದು ಹತ್ತು ದಿನ ಬಿಟ್ಟು ಗೊತ್ತಾದರೂ ಹಿಂದಕ್ಕೆ ಹೋಗಿ ತರಬಹುದು. ಕ್ಲೋನ್‌ನಲ್ಲಿ ಆ ಅವಕಾಶ ಇಲ್ಲ. ಕೆಟ್ಟ ಫೈಲ್ ಕೂಡ ಕೆಟ್ಟ ಹಾಗೇ ನಕಲಾಗುತ್ತೆ.

ಈಗ ಕ್ಲೋನ್ ಮಾಡೋದಕ್ಕೆ ಏನಿದೆ ನೋಡೋಣ. ಹೊಸ ಎಸ್‌ಎಸ್‌ಡಿ ಯಾವ ಕಂಪನಿಯದು ಅಂತ ಮೊದಲು ನೋಡಿ. ಸ್ಯಾಮ್‌ಸಂಗ್ ತನ್ನದೇ ಟೂಲ್ ಕೊಡುತ್ತೆ, ಆದರೆ ಅದು ಸ್ಯಾಮ್‌ಸಂಗ್ ಎಸ್‌ಎಸ್‌ಡಿಗೆ ಮಾತ್ರ. ಕ್ರೂಷಿಯಲ್, ಡಬ್ಲ್ಯೂಡಿ ಕಂಪನಿಗಳು ತಮ್ಮ ಡ್ರೈವ್ ಕೊಂಡವರಿಗೆ ಆಕ್ರೋನಿಸ್‌ನ ಒಂದು ಆವೃತ್ತಿ ಕೊಡುತ್ತಾ ಬಂದಿವೆ. ಇದ್ಯಾವುದೂ ಹೊಂದದಿದ್ದರೆ ಕ್ಲೋನ್‌ಜಿಲ್ಲಾ ಇದೆ. ಪೂರ್ತಿ ಉಚಿತ, ಪೆನ್ ಡ್ರೈವ್‌ನಿಂದಲೇ ಓಡುತ್ತೆ. ಆದರೆ ಬರೀ ಅಕ್ಷರಗಳಿರೋ ಅದರ ಪರದೆ ನೋಡಿದರೆ ಹೊಸಬರಿಗೆ ಗಾಬರಿಯಾಗಬಹುದು. ಅಂಥವರಿಗೆ ಮೌಸ್‌ನಲ್ಲಿ ಬಳಸಬಹುದಾದ ರೆಸ್ಕ್ಯೂಜಿಲ್ಲಾ ಸುಲಭ. ಒಂದು ಮಾತು ನೆನಪಿಡಿ: ಕ್ಲೋನ್‌ಜಿಲ್ಲಾ ಬಳಸೋದಾದರೆ ಹೊಸ ಡ್ರೈವ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಲಿ.

ಇಲ್ಲಿ ಎಚ್ಚರ ಬೇಕು. ಕ್ಲೋನ್ ಮಾಡಿದಾಗ ಎದುರಿನ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತೆ. ಎರಡನ್ನೂ ಅದಲು ಬದಲು ಆರಿಸಿದರೆ ಖಾಲಿ ಡ್ರೈವ್ ಬಂದು ನಿಮ್ಮ ಫೋಟೊಗಳ ಮೇಲೆ ಕೂರುತ್ತೆ. ಮಾಡೆಲ್ ಹೆಸರು, ಸೈಜ್ ಎರಡನ್ನೂ ಓದಿಯೇ ಮುಂದುವರಿಯಿರಿ. ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಹಳೇ ಡ್ರೈವ್ ಕಟಕಟ ಸದ್ದು ಮಾಡ್ತಿದ್ದರೆ ಕ್ಲೋನ್ ಆಸೆ ಬಿಟ್ಟು, ಮುಖ್ಯವಾದ ಫೈಲ್‌ಗಳನ್ನ ಮೊದಲು ಹೊರಗೆ ತೆಗೆಯಿರಿ.

ಇನ್ನು ನಿತ್ಯದ ಬ್ಯಾಕಪ್. ಮ್ಯಾಕ್ ಇದ್ದವರಿಗೆ 2007ರಿಂದಲೇ ಟೈಮ್ ಮಷೀನ್ ಇದೆ. ವಿಂಡೋಸ್‌ನಲ್ಲಿ ಬರೀ ಫೈಲ್‌ಗಳಿಗೆ ಫೈಲ್ ಹಿಸ್ಟರಿ ಸಾಕು. ಇಡೀ ಕಂಪ್ಯೂಟರ್‌ನ ಪ್ರತಿ ಬೇಕಂದರೆ ವೀಮ್ ಏಜೆಂಟ್‌ನ ಉಚಿತ ಆವೃತ್ತಿ ನೋಡಬಹುದು. 'ಉಚಿತ' ಅನ್ನೋ ಪದಕ್ಕೆ ಮರುಳಾಗಬೇಡಿ. ಕೆಲವು ಸಾಫ್ಟ್‌ವೇರ್‌ಗಳು ಬ್ಯಾಕಪ್ ಮಾಡುವಾಗ ಸುಮ್ಮನಿದ್ದು, ವಾಪಸ್ ತರುವಾಗ ದುಡ್ಡು ಕೇಳುತ್ತವೆ. ಬಹಳ ಜನ ನೆಚ್ಚಿಕೊಂಡಿದ್ದ ಮ್ಯಾಕ್ರಿಯಮ್ ರಿಫ್ಲೆಕ್ಟ್‌ನ ಉಚಿತ ಆವೃತ್ತಿಗೆ 2024ರ ಆರಂಭದಿಂದ ಅಪ್‌ಡೇಟ್‌ಗಳೇ ನಿಂತವು. ಅದಕ್ಕೇ ಸಾಫ್ಟ್‌ವೇರ್‌ನ ರೆಸ್ಕ್ಯೂ ಪೆನ್ ಡ್ರೈವ್ ಮಾಡಿಟ್ಟುಕೊಳ್ಳಿ. ಫೋಟೊಗಳ ಒಂದು ಪ್ರತಿ ಮಾಮೂಲಿ ಫೋಲ್ಡರ್‌ನಲ್ಲೂ ಇರಲಿ.

ಡ್ರೈವ್, ಒನ್‌ಡ್ರೈವ್ ಇದೆಯಲ್ಲ ಅಂತೀರಾ? ಅದು ಸಿಂಕ್. ಇಲ್ಲಿ ಡಿಲೀಟ್ ಆದರೆ ಅಲ್ಲೂ ಡಿಲೀಟ್. ರಿಸೈಕಲ್ ಬಿನ್‌ನಲ್ಲಿ ಕೆಲವು ದಿನ ಇರುತ್ತೆ, ಅಷ್ಟೇ. ಅದಕ್ಕೇ 3-2-1 ಸೂತ್ರ: ಮೂರು ಪ್ರತಿ, ಎರಡು ಬಗೆಯ ಜಾಗ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಬ್ಯಾಕಪ್ ಮುಗಿದ ಮೇಲೆ ಹಾರ್ಡ್ ಡಿಸ್ಕ್‌ನ ಕೇಬಲ್ ಕಿತ್ತಿಡಿ. ಚುಚ್ಚಿಕೊಂಡೇ ಇದ್ದರೆ ರ‍್ಯಾನ್ಸಮ್‌ವೇರ್ ಬಂದಾಗ ಅದೂ ಲಾಕ್ ಆಗುತ್ತೆ.

ಕೊನೆಯದಾಗಿ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. 1998ರಲ್ಲಿ ಪಿಕ್ಸಾರ್‌ನಲ್ಲಿ ತಪ್ಪಿ ಓಡಿದ ಒಂದು ಕಮಾಂಡ್‌ನಿಂದ 'ಟಾಯ್ ಸ್ಟೋರಿ 2' ಸಿನಿಮಾದ ಫೈಲ್‌ಗಳು ಅಳಿಸಿಹೋದವು. ಬ್ಯಾಕಪ್ ಇತ್ತು, ಆದರೆ ಅದು ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಚಿಕ್ಕ ಮಗು ಇದ್ದಿದ್ದರಿಂದ ಮನೆಯಿಂದಲೂ ಕೆಲಸ ಮಾಡ್ತಿದ್ದ ಗ್ಯಾಲಿನ್ ಸಸ್ಮನ್ ಅವರ ಮನೆ ಕಂಪ್ಯೂಟರ್‌ನಲ್ಲಿದ್ದ ಪ್ರತಿಯೇ ಸಿನಿಮಾವನ್ನ ಉಳಿಸಿತು. ಅಷ್ಟು ದೊಡ್ಡ ಸ್ಟುಡಿಯೊದ ಪಾಡೇ ಹೀಗಾದರೆ ನಮ್ಮದೇನು?

ಹಾಗಾಗಿ ಯಾವ ಸಾಫ್ಟ್‌ವೇರ್ ಚೆನ್ನಾಗಿದೆ ಅನ್ನೋದಕ್ಕೆ ನನ್ನ ಅಳತೆ ಒಂದೇ: ಅದರಿಂದ ಫೈಲ್ ವಾಪಸ್ ತರೋಕೆ ನಿಮ್ಮ ಕೈಯಲ್ಲಿ ಆಗುತ್ತಾ? ಈ ಭಾನುವಾರ ಬ್ಯಾಕಪ್‌ನಿಂದ ಒಂದೇ ಒಂದು ಫೋಟೊ ವಾಪಸ್ ತಂದು, ತೆರೆದು ನೋಡಿ. ತೆರೆದರೆ ಅದೇ ನಿಮ್ಮ ಸಾಫ್ಟ್‌ವೇರ್. ತೆರೆಯದಿದ್ದರೆ, ಡ್ರೈವ್ ಚೆನ್ನಾಗಿರುವಾಗಲೇ ಗೊತ್ತಾಯ್ತಲ್ಲ, ಅಷ್ಟು ಸಾಕು. ಬೇರೆಯದು ಹುಡುಕೋಕೆ ಇನ್ನೂ ಸಮಯ ಇದೆ.