ನೆರೆ ಮತ್ತು ಹೊರೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಡೂರಿನ ನನ್ನ ಮನೆಗೆ ಬಂದಿದ್ದ. ಅವನಿಗೆ ಬೆಂಗಳೂರಿನಲ್ಲಿ ಕೆಲಸವಾಗಿದೆ. ಹೆಂಡತಿ, ಶಾಲೆಗೆ ಹೋಗುವ ಮಗಳು, ವಯಸ್ಸಾದ ತಾಯಿ, ಇಷ್ಟು ಜನರ ಸಂಸಾರವನ್ನು ರೈಲು ಹತ್ತಿಸಬೇಕು. “ಸಾರ್, ನೀವು ಮೂವತ್ತೈದು ವರ್ಷ ಅಲ್ಲಿದ್ದವರು. ಯಾವ ಬಡಾವಣೆಯಲ್ಲಿ ಮನೆ ಹಿಡಿಯಲಿ, ಹೇಳಿ” ಎಂದ.

ಪ್ರಶ್ನೆ ಸಣ್ಣದು. ಆದರೆ ನಮ್ಮ ಹಿರಿಯರಿಗೆ ಇಂಥ ಪ್ರಶ್ನೆ ಎದುರಾದದ್ದೇ ಇಲ್ಲ. ಈ ಸೀಮೆಯ ಊರುಗಳಲ್ಲಿ ಮನುಷ್ಯ ತಾನು ಬಾಳುವ ಕೇರಿಯನ್ನು ಆರಿಸಿಕೊಳ್ಳುತ್ತಿರಲಿಲ್ಲ. ಕೇರಿಯೇ ಅವನನ್ನು ಹುಟ್ಟುವ ಮೊದಲೇ ಆರಿಸಿಕೊಂಡಿರುತ್ತಿತ್ತು. ಕುಂಬಾರನ ಮಗ ಕುಂಬಾರಗೇರಿಯಲ್ಲಿ ಹುಟ್ಟುತ್ತಿದ್ದ. ಊರಿನ ಆಚೆಗೆ ಇರಬೇಕೆಂದು ಊರು ತೀರ್ಮಾನಿಸಿದವರ ಮಕ್ಕಳು ಊರಿನ ಆಚೆಗೇ ಹುಟ್ಟುತ್ತಿದ್ದರು. ಪಟ್ಟಣಕ್ಕೆ ಹೋದವನಿಗೆ ಮಾತ್ರ, ‘ನಾನು ಎಲ್ಲಿ ಇರಲಿ?’ ಎಂದು ಕೇಳುವ ಸ್ವಾತಂತ್ರ್ಯ ಒದಗುತ್ತದೆ. ಹಾಗೆಂದು ನಾನು ಬಹುಕಾಲ ನಂಬಿದ್ದೆ.

ಅಧ್ಯಾಪಕನಾಗಿದ್ದವನಿಗೆ ಪ್ರಶ್ನೆ ಸಿಕ್ಕಿದರೆ ಸಾಕಲ್ಲವೆ? ನಾನು ಪಾಠಕ್ಕೆ ತೊಡಗಿದೆ.

ಮೊದಲನೆಯದು ನೀರು. ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಪಕ್ಕದವರು ಎಂಬ ಅರ್ಥವೂ ಉಂಟು, ಉಕ್ಕಿ ಬರುವ ಪ್ರವಾಹ ಎಂಬ ಅರ್ಥವೂ ಉಂಟು. ಬೆಂಗಳೂರಿನಲ್ಲಿ ಮನೆ ಮಾಡುವವನು ಎರಡೂ ನೆರೆಗಳನ್ನು ವಿಚಾರಿಸಬೇಕು. ಅದು ಕೆರೆಗಳನ್ನು ಮುಚ್ಚಿ ಬೆಳೆದ ನಗರ. ಕೆಂಪೇಗೌಡ ಬಸ್ ನಿಲ್ದಾಣವಿರುವ ಜಾಗದಲ್ಲಿ ಧರ್ಮಾಂಬುಧಿ ಕೆರೆಯಿತ್ತು. ಕಂಠೀರವ ಕ್ರೀಡಾಂಗಣವಿರುವಲ್ಲಿ ಸಂಪಂಗಿ ಕೆರೆಯಿತ್ತು. ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಸಿರಿವಂತರ ಬಡಾವಣೆಗಳಲ್ಲಿಯೂ ಜನರನ್ನು ದೋಣಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಬೇಸಿಗೆಗೆ, ಅದೇ ನಗರದ ಅಂಚಿನಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗಾಗಿ ಕಾದರು. ಆದ್ದರಿಂದ ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆಂದು ಕೇಳು. ಮಳೆ ಬಂದಾಗ ಎಲ್ಲಿಯವರೆಗೆ ನಿಲ್ಲುತ್ತದೆಂದೂ ಕೇಳು. ಮನೆಯ ಯಜಮಾನನನ್ನಲ್ಲ, ಬೀದಿಯ ತರಕಾರಿ ಗಾಡಿಯವನನ್ನು ಕೇಳು, ಎಂದೆ.

ಎರಡನೆಯದು, ಬೀದಿಯನ್ನು ಮೂರು ಹೊತ್ತು ನೋಡುವುದು. ಮುಂಜಾನೆ ಹಾಲು ಬರುವ ಹೊತ್ತಿಗೆ ಒಮ್ಮೆ, ಸಂಜೆ ಮಕ್ಕಳು ಆಡುವ ಹೊತ್ತಿಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ. ಆ ಹೊತ್ತಿನಲ್ಲಿ ಹೆಣ್ಣುಮಗಳೊಬ್ಬಳು ಬಸ್ಸಿಳಿದು ಅವಸರವಿಲ್ಲದೆ ನಡೆದು ಬರುತ್ತಿದ್ದರೆ ಅದು ಒಳ್ಳೆಯ ಬೀದಿ. ಮೂರನೆಯದು ನಿನ್ನ ತಾಯಿ. ಕಡೂರಿನ ಜಗಲಿಯ ಮೇಲೆ ಕುಳಿತು ದಾರಿಹೋಕರೊಡನೆ ಮಾತನಾಡಿದ ಜೀವ ಅದು. ನಾಲ್ಕನೆಯ ಮಹಡಿಯ ಕಿಟಕಿಯಲ್ಲಿ ಅವರನ್ನು ಕೂರಿಸಬೇಡ.

ಅವನು ಎಲ್ಲವನ್ನೂ ತರಗತಿಯಲ್ಲಿ ಬರೆದುಕೊಳ್ಳುತ್ತಿದ್ದ ಹಾಗೆಯೇ ಒಂದು ಚೀಟಿಯಲ್ಲಿ ಬರೆದುಕೊಂಡ. ಬಳಿಕ ಅದನ್ನು ಮಡಿಸಿ ಜೇಬಿಗಿಟ್ಟು, ತಲೆಯೆತ್ತದೆ ಕೇಳಿದ: “ಇದೆಲ್ಲ ಸರಿ ಸಾರ್. ಅಂಥ ಬೀದಿಯಲ್ಲಿ ನಮಗೆ ಮನೆ ಕೊಡುತ್ತಾರೆಯೆ?”

ಆಗ ನನಗೆ ತಿಳಿಯಿತು, ಅವನು ಕೇಳಲು ಬಂದದ್ದು ಈ ಪ್ರಶ್ನೆಯನ್ನು. ನಾನು ಉತ್ತರಿಸಿದ್ದು ಬೇರೊಂದನ್ನು.

1985ರಲ್ಲಿ ನಾನು ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ಮಾನಸಗಂಗೋತ್ರಿಯ ನನ್ನ ಸಹಪಾಠಿಯೊಬ್ಬನೂ ಅಲ್ಲಿಗೇ ಬಂದಿದ್ದ. ಇಬ್ಬರೂ ಸೇರಿ ಮನೆ ಹುಡುಕಿದೆವು. ಹಳೆಯ ಬಡಾವಣೆಯೊಂದರಲ್ಲಿ ಒಂದೇ ಕಟ್ಟಡದ ಎರಡು ಭಾಗಗಳು ಖಾಲಿಯಿದ್ದವು. ಬಾಡಿಗೆ ಒಪ್ಪಿಗೆಯಾಯಿತು, ಮುಂಗಡವೂ ಗೊತ್ತಾಯಿತು. ಆಮೇಲೆ ಯಜಮಾನರು, “ಏನೂ ತಿಳಿದುಕೊಳ್ಳಬೇಡಿ, ತಾವು ಯಾವ ಜನ?” ಎಂದರು. ನಾನು ಹೇಳಿದೆ. ನನ್ನ ಗೆಳೆಯನೂ ಹೇಳಿದ. ಮರುದಿನ ಹೋದಾಗ ಒಂದು ಭಾಗ ಮಾತ್ರ ಖಾಲಿಯಿತ್ತು. ಮತ್ತೊಂದಕ್ಕೆ ಅವರ ನೆಂಟರು ಬರುವವರಿದ್ದರು. ನಾನು ಮುಂಗಡ ಕೊಟ್ಟು ಬೀಗದ ಕೈ ತೆಗೆದುಕೊಂಡೆ. ಒಂದು ಮಾತನ್ನೂ ಆಡಲಿಲ್ಲ. ಆ ನೆಂಟರು ವರ್ಷವಾದರೂ ಬರಲಿಲ್ಲ.

ಆ ಮನೆಯಲ್ಲಿ ನಾನು ಆರು ವರ್ಷವಿದ್ದೆ. ನೀರಿತ್ತು, ನೆರಳಿತ್ತು, ಮಾರುಕಟ್ಟೆ ಹತ್ತಿರವಿತ್ತು. ಗೆಳೆಯ ಕಾಲೇಜಿಗೆ ಬರುತ್ತಿದ್ದ, ಹೋಟೆಲಿನಲ್ಲಿ ಜೊತೆಗೆ ಕಾಫಿ ಕುಡಿಯುತ್ತಿದ್ದ, ನನ್ನ ಮಗನ ನಾಮಕರಣಕ್ಕೆ ಉಡುಗೊರೆಯನ್ನೂ ಕೊಟ್ಟ. ಆದರೆ ಆ ಮನೆಯ ಹೊಸ್ತಿಲನ್ನು ಒಮ್ಮೆಯೂ ತುಳಿಯಲಿಲ್ಲ. ಬೀದಿಯ ತಿರುವಿನವರೆಗೆ ಬಂದು, “ಇನ್ನು ನೀನು ಹೋಗು ಮಾರಾಯ” ಎಂದು ಹಿಂದಿರುಗುತ್ತಿದ್ದ. ಮುಂದೆ ಅವನಿಗೆ ಬೇರೆ ಊರಿಗೆ ವರ್ಗವಾಯಿತು. ನಾನು ಕ್ಷಮೆ ಕೇಳಲಿಲ್ಲ.

ಅಂದಿನ ಯಜಮಾನರೊಬ್ಬರನ್ನೇ ದೂರಿ ಫಲವಿಲ್ಲ. 1898ರಲ್ಲಿ ಪ್ಲೇಗು ಬಂದ ಮೇಲೆ ಬೆಂಗಳೂರಿನ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳು ಏರ್ಪಟ್ಟವು. ಗಾಳಿ ಬೆಳಕಿಗಾಗಿ ಅಗಲವಾದ ರಸ್ತೆಗಳನ್ನು ಎಳೆದವರೇ, ಬೇರೆ ಬೇರೆ ಜಾತಿಗಳಿಗೆ ಬೇರೆ ಬೇರೆ ಭಾಗಗಳನ್ನೂ ಗೊತ್ತುಮಾಡಿದರು. ಹೆಸರು ಬಡಾವಣೆಯಾಯಿತು, ಒಳಗೆ ಕೇರಿಯೇ ಉಳಿಯಿತು. ಇಂದು ನಕ್ಷೆಯಲ್ಲಿ ಆ ಗೆರೆಗಳಿಲ್ಲ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಹಲಗೆಯಲ್ಲಿ ಅವು ಇನ್ನೂ ಇವೆ.

ನೆರೆಹೊರೆ ಎನ್ನುತ್ತೇವೆ. ಇಲ್ಲಿ ‘ಹೊರೆ’ಗೆ ಪಕ್ಕ, ಸಮೀಪ ಎಂಬ ಹಳೆಯ ಅರ್ಥ. ಆದರೆ ಅದಕ್ಕೆ ಭಾರ ಎಂಬ ಅರ್ಥವೂ ಇದೆಯಷ್ಟೆ. ನಲವತ್ತು ವರ್ಷಗಳಿಂದ ನಾನು ಹೊತ್ತಿರುವುದು ಈ ಎರಡನೆಯದನ್ನು. ಸೊಗಸಾದ ಮನೆಯನ್ನು ಆರಿಸಿಕೊಂಡೆನೆಂದು ತಿಳಿದಿದ್ದೆ. ಅದರ ಬೆಲೆಯನ್ನು ತೆತ್ತವನು ಇನ್ನೊಬ್ಬ.

ಶಿಷ್ಯನಿಗೆ ಹೇಳಿದೆ: “ಚೀಟಿಯಲ್ಲಿ ಇನ್ನೊಂದು ಸಾಲು ಬರೆದುಕೊ. ನಿನ್ನ ಗೆಳೆಯರಲ್ಲಿ ಯಾರೂ ತಿರುವಿನಲ್ಲಿ ನಿಂತು ಹಿಂದಿರುಗಬೇಕಾಗದ ಬೀದಿಯನ್ನು ಹುಡುಕೋಣ.” ಅವನು ನಕ್ಕು, “ಹುಡುಕೋಣ ಎಂದಿರಾ ಸಾರ್?” ಎಂದ. ಹೌದು, ಹಾಗೆಯೇ ಅಂದೆ. ಬರುವ ಸೋಮವಾರ ಕಡೂರು ನಿಲ್ದಾಣದಿಂದ ನಾವಿಬ್ಬರೂ ಹೊರಡುತ್ತಿದ್ದೇವೆ. ಯಾರಾದರೂ ಆ ಹಳೆಯ ಪ್ರಶ್ನೆಯನ್ನು ಕೇಳಿದರೆ, ಈ ಸಲ ನಾನು ಬಾಯಿ ಮುಚ್ಚಿಕೊಂಡು ಬೀಗದ ಕೈಗಾಗಿ ಕೈ ಚಾಚುವವನಲ್ಲ.

ನನ್ನ ಆ ಗೆಳೆಯ ಎಲ್ಲಿಯಾದರೂ ಈ ಮಾತನ್ನು ಕೇಳುತ್ತಿದ್ದರೆ, ಕಡೂರಿನಲ್ಲಿ ನನ್ನ ಮನೆ ನಿಲ್ದಾಣಕ್ಕೆ ಹತ್ತಿರವೇ ಇದೆ. ಬಾಗಿಲು ತೆರೆದಿದೆ.