ಎತ್ತರಿಸಿದ ಜೀಪಿನ ಕೀಲುಗಳು



ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೊರಟವರು ಬಳ್ಳಾರಿಯ ಹೆದ್ದಾರಿಯನ್ನು ಬಿಟ್ಟರೆ ಎದುರಾಗುವುದು ಕಲ್ಲುಗುಂಡುಗಳ ಗುಡ್ಡ, ಕುರುಚಲು ಕಾಡು, ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳ. ಅಶೋಕನ ಶಾಸನವಿರುವ ಬ್ರಹ್ಮಗಿರಿಯೂ ಈ ಸೀಮೆಯದೇ. ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಹಳೆಯ ಜೀಪನ್ನು ಇಂಥ ನೆಲದಲ್ಲಿ ಓಡಿಸುವವರಿಗೆ ಅದನ್ನು ಎತ್ತರಿಸುವ ಆಸೆ ಹುಟ್ಟುವುದು ಸಹಜ. ನಾನು ಕನ್ನಡ ಪಾಠ ಹೇಳಿದವನು. ಸಂಧಿಯಲ್ಲಿ ಎರಡು ಅಕ್ಷರ ಕೂಡಿದರೆ ಒಂದಾದರೂ ರೂಪ ಬದಲಿಸುವುದುಂಟು. ಯಂತ್ರದ ಕೀಲುಗಳಲ್ಲಿಯೂ ಅದೇ ನಿಯಮವನ್ನು ಕಂಡು ಈ ವಿಷಯವನ್ನು ಆರಿಸಿಕೊಂಡೆ.

ಜೀಪಿನ ಭಾರವನ್ನು ಹೊತ್ತಿರುವುದು ಕಮಾನುಪಟ್ಟಿಗಳು. ಅವುಗಳ ಬಾಗನ್ನು ಹೆಚ್ಚಿಸಿದರೆ, ಇಲ್ಲವೆ ತುದಿಯ ಷಾಕಲ್ಲುಗಳನ್ನು ಉದ್ದಮಾಡಿದರೆ ಒಡಲು ಮೇಲೇರುತ್ತದೆ. ಅಚ್ಚು ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ದೊಡ್ಡ ಟೈರು. ಹೀಗೆ ಒಡಲಿಗೂ ಅಚ್ಚಿಗೂ ನಡುವೆ ಅಂತರ ಬೆಳೆದಾಗ ಅವೆರಡನ್ನೂ ಜೋಡಿಸಿದ ಸಲಾಕೆಗಳೆಲ್ಲ ಓರೆಯಾಗುತ್ತವೆ.

ಮೊದಲನೆಯದು ಸ್ಟೀರಿಂಗಿನ ಡ್ರಾಗ್ ಲಿಂಕು. ಅದು ಕಡಿದಾಗಿ ಇಳಿದಷ್ಟೂ, ಚಕ್ರ ಗುಂಡಿಯಲ್ಲಿ ಏರಿಳಿದಾಗ ಕೈ ತಿರುಗಿಸದಿದ್ದರೂ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಕೆಳಕ್ಕೆ ಬಾಗಿದ ಪಿಟ್‌ಮನ್ ತೋಳನ್ನು ಹಾಕಿ ಸಲಾಕೆಯನ್ನು ಮತ್ತೆ ಸಮಕ್ಕೆ ತರುವುದು ಇದಕ್ಕೆ ಪರಿಹಾರ. ಚಕ್ರ ಹೊರಳುವ ಕಿಂಗ್ ಪಿನ್ನಿನ ತಲೆ, ಸೈಕಲ್ಲಿನ ಮುಂಗವಲಿನಂತೆ, ತುಸು ಹಿಂದಕ್ಕೆ ವಾಲಿರಬೇಕು; ತಿರುಗಿಸಿದ ಚಕ್ರ ತಾನಾಗಿ ನೇರಕ್ಕೆ ಬರುವುದು ಈ ವಾಲಿನಿಂದ. ಮುಂದಿನ ಪಟ್ಟಿಯ ಮುಂತುದಿಯಲ್ಲಿ ಷಾಕಲ್ ಇರುವ ಜೀಪಿನಲ್ಲಿ ಅದನ್ನು ಉದ್ದಮಾಡಿದರೆ ಈ ವಾಲು ಕುಗ್ಗುತ್ತದೆ. ಆಗ ಪಟ್ಟಿಗೂ ಅಚ್ಚಿಗೂ ನಡುವೆ ಉಕ್ಕಿನ ಬೆಣೆಯಿಟ್ಟು ವಾಲನ್ನು ಮರಳಿ ತರುತ್ತಾರೆ.

ಎರಡನೆಯದು ಪ್ರೊಪೆಲ್ಲರ್ ಶಾಫ್ಟು. ಅದರ ತುದಿಯ ಕ್ರಾಸಿನ ಕೀಲಿಗೆ 17ನೆಯ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರಿದೆ. ಒಂದು ಕೀಲು ಓರೆಯಾಗಿ ತಿರುಗಿದಾಗ, ಒಳಬರುವ ವೇಗ ಸಮವಾಗಿದ್ದರೂ ಹೊರಹೋಗುವ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿಳಿಯುತ್ತದೆ: 10 ಡಿಗ್ರಿಯಲ್ಲಿ ಶೇಕಡಾ ಒಂದೂವರೆಯಷ್ಟು, 20 ಡಿಗ್ರಿಯಲ್ಲಿ ಶೇಕಡಾ 6ರಷ್ಟು. ಎರಡೂ ತುದಿಗಳ ಕೋನ ಸಮನಾಗಿದ್ದು, ಕವಲುಗಳು ಒಂದೇ ಸಾಲಿನಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಸಮ ತಪ್ಪಿದರೆ ನಡುಕ. ಕ್ರಾಸು ಬೇಗ ಸವೆಯುತ್ತದೆ.

ತೊಡಕಿರುವುದು ಮುಂದಿನ ಅಚ್ಚಿನಲ್ಲಿ. ಸ್ಟೀರಿಂಗಿಗಾಗಿ ಇಟ್ಟ ಬೆಣೆಯೇ ಪಿನಿಯನ್ನಿನ ಮೂತಿಯನ್ನು ಕೆಳಕ್ಕೆ ಬಗ್ಗಿಸಿ ಶಾಫ್ಟಿನ ಕೋನವನ್ನು ಕೆಡಿಸುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ರೋಗ! ಅಚ್ಚಿನ ತುದಿಗಳನ್ನು ಬಿಡಿಸಿ, ತಿರುಗಿಸಿ ಬೆಸೆದರೆ ಎರಡೂ ಸರಿಹೋಗುತ್ತವೆ. ಆದರೆ ಅದು ನುರಿತ ಕೈಗಳ ಕೆಲಸ. ಬೆಸುಗೆ ಬಿಟ್ಟರೆ ಚಕ್ರವೇ ಕೈತಪ್ಪುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹಳ್ಳದ ಕಲ್ಲನ್ನು ದಾಟಿದ ಜೀಪು ಸಂಜೆ ಹೆದ್ದಾರಿಗೇ ಮರಳಬೇಕಷ್ಟೆ. ಅಲ್ಲಿ ಎದುರಿಗೆ ಲಾರಿ ಬರುತ್ತಿರುತ್ತದೆ. ಹಿಂದಿನ ಆಸನದಲ್ಲಿ ಮನೆಯ ಮಕ್ಕಳಿರುತ್ತಾರೆ. ಎಷ್ಟು ಎತ್ತರಿಸಬಹುದೆಂದು ಕೇಳುವ ಮೊದಲು, ಎತ್ತರಿಸಿದ ಮೇಲೆ ಎಷ್ಟು ಕೀಲುಗಳನ್ನು ಸರಿಪಡಿಸಬಲ್ಲೆವೆಂದು ಕೇಳಿಕೊಳ್ಳುವುದೇ ವಿವೇಕ.